ಮಣ್ಣು ಮುಟ್ಟಿ ನೋಡುತ್ತಿದ್ದ ಕಾಕಾ

ಕಾಲೇಜು ಪತ್ರಿಕೆಗೆ ಹಳೆಯ ನೆನಪು ಬರೆಯಿರಿ ಅಂದರೆ ಎಲ್ಲರೂ ಮಾಸ್ತರರ ಬಗ್ಗೆ ಬರೆಯುತ್ತಾರೆ, ಇಲ್ಲಾ ಮೆಸ್ಸಿನ ಊಟದ ಬಗ್ಗೆ. ನನಗೆ ಮೊದಲು ನೆನಪಾಗುವವರು ನಮ್ಮ ಧಾರವಾಡ ಕೃಷಿ ಕಾಲೇಜಿನ ಹೊಲದಲ್ಲಿ ದುಡಿಯುತ್ತಿದ್ದ ಒಬ್ಬ ಕಾಕಾ. 1947ರಲ್ಲಿ ಶುರುವಾದ ಕಾಲೇಜು ಇದು, 1986ರಲ್ಲಿ ಇಲ್ಲೇ ವಿಶ್ವವಿದ್ಯಾಲಯವೂ ಆಯಿತು, ಎಷ್ಟೋ ದೊಡ್ಡವರು ಬಂದು ಹೋದರು. ಕಾಕಾ ಮಾತ್ರ ಹಾಜರಿ ಪುಸ್ತಕದಲ್ಲಷ್ಟೇ ಇದ್ದವರು.

ಹಿಂಗಾರಿ ಜೋಳದ ಬಿತ್ತನೆ ಸಮಯ. ಮಳೆ ಬಂದು ನಿಂತಿತ್ತು. ಎರೆ ಮಣ್ಣಿನ, ಅಂದರೆ ಕಪ್ಪು ಮಣ್ಣಿನ ಸ್ವಭಾವ ಗೊತ್ತಲ್ವಾ, ಹಸಿ ಜಾಸ್ತಿ ಇದ್ದರೆ ಬೀಜ ಬಿತ್ತುವ ಕೂರಿಗೆಗೆ ಮೆತ್ತಿಕೊಳ್ಳುತ್ತದೆ, ಒಣಗಿದರೆ ಕಲ್ಲು. ನಡುವೆ ಸಿಗುವ ಕೆಲವೇ ದಿನದಲ್ಲಿ ಬಿತ್ತಬೇಕು. ತೇವ ಎಷ್ಟಿದೆ ಅಂತ ತಿಳಿಯಲು ಮಣ್ಣನ್ನು ತೂಗಿ, ಓವನ್‌ನಲ್ಲಿ 105 ಡಿಗ್ರಿಯಲ್ಲಿ 24 ಗಂಟೆ ಒಣಗಿಸಿ, ಮತ್ತೆ ತೂಗಬೇಕು ಅಂತ ಓದಿದ್ದೆವು. ಹಾಗೇ ಇಟ್ಟು ಬಂದೆವು. ಕಾಕಾ ಬಗ್ಗಿದರು. ಮೇಲಿನ ಒಣ ಮಣ್ಣು ಸರಿಸಿ, ನಾಲ್ಕು ಬೆರಳು ಆಳದಿಂದ ಒಂದು ಹಿಡಿ ತೆಗೆದು, ಮುಷ್ಟಿಯಲ್ಲಿ ಅದುಮಿ ಉಂಡೆ ಮಾಡಿ ಎದೆಮಟ್ಟದಿಂದ ಕೆಳಗೆ ಬಿಟ್ಟರು. ಉಂಡೆ ಒಡೆಯಲಿಲ್ಲ. ಅಂಗೈಗೂ ಮಣ್ಣು ಅಂಟಿತ್ತು.

"ಇನ್ನೂ ಹದ ಬಂದಿಲ್ಲ ತಮ್ಮಾ, ನಾಳಿ ಮಧ್ಯಾಹ್ನ ನೋಡೂಣು."

ಮರುದಿನ ಉಂಡೆ ನೆಲಕ್ಕೆ ಬಿದ್ದು ಪುಡಿಯಾಯಿತು, ಕೂರಿಗೆ ಹೂಡಿದರು. ಓವನ್‌ನಿಂದ ನಿನ್ನೆಯ ತೇವದ ಲೆಕ್ಕ ಹೊರಬರುವ ಹೊತ್ತಿಗೆ ಇವತ್ತಿನ ಬಿತ್ತನೆ ಅರ್ಧ ಮುಗಿದಿತ್ತು!

ಓವನ್ ಬೇಡ ಅಂತಲ್ಲ. ಹತ್ತು ಹೊಲಗಳನ್ನು ಹೋಲಿಸಿ ನೋಡಬೇಕಾದರೆ ಅಂಕಿಯೇ ಬೇಕು, ಮುಷ್ಟಿ ಸಾಲದು.

ಹಾಗಂತ ವಯಸ್ಸಾದವರೆಲ್ಲ ತಿಳಿದವರು ಅನ್ನುವ ಮಾತನ್ನೂ ನಾನು ಒಪ್ಪುವುದಿಲ್ಲ. ಕೊನೆಯ ವರ್ಷ ಹಳ್ಳಿಯಲ್ಲಿ ಉಳಿದಾಗ, "ನಮ್ಮಪ್ಪ ಉತ್ತರಿ ನಕ್ಷತ್ರದ ಮಳೆಗೇ ಬಿತ್ತುತ್ತಿದ್ದ" ಅಂತ ಹಸಿ ನೆಲಕ್ಕೇ ಕೂರಿಗೆ ಇಳಿಸುವ ಹಿರಿಯರನ್ನೂ ನೋಡಿದ್ದೇನೆ. ವಯಸ್ಸು ಅವರಿಗೂ ಆಗಿತ್ತು. ಕಾಕಾಗೂ ಉತ್ತರಿ, ಹಸ್ತ, ಚಿತ್ತಿ, ಸ್ವಾತಿ ಎಲ್ಲ ಬಾಯಿಪಾಠ, ಒಂದೊಂದು ಮಳೆಗೆ ಸುಮಾರು 13-14 ದಿನ ಅಂತ ಬೆರಳು ಮಡಿಚಿ ಲೆಕ್ಕ ಹಾಕುತ್ತಿದ್ದರು, ಆದರೆ ನಕ್ಷತ್ರಕ್ಕೂ ನೆಲಕ್ಕೂ ತಾಳೆಯಾಗದಿದ್ದರೆ ನೆಲದ ಮಾತನ್ನೇ ಕೇಳುತ್ತಿದ್ದರು. "ಮಳಿ ಈಗ ಮೊದಲಿನಂಗ ಇಲ್ಲ" ಅಂತ ಗೊಣಗುತ್ತಲೇ ಪ್ರತಿ ವರ್ಷ ಹೊಸದಾಗಿ ಬಗ್ಗಿ ನೋಡುತ್ತಿದ್ದರು. ತಿಳಿಯದ್ದನ್ನು ಕೇಳಲು ನಾಚಿಕೆಯೂ ಇರಲಿಲ್ಲ. ಜೋಳದ ಕಾಳು ಕಪ್ಪು ಪುಡಿಯಾಗುವ ಕಾಡಿಗೆ ರೋಗ ತಡೆಯಲು ಬೀಜಕ್ಕೆ ಗಂಧಕ ಯಾಕೆ ಹಚ್ಚಬೇಕು ಅಂತ ಮೀಸೆ ಚಿಗುರದ ನಮ್ಮನ್ನೇ ಕೂರಿಸಿಕೊಂಡು ಕೇಳಿದ್ದರು.

ನಾನೀಗ ಐವತ್ತು ದಾಟಿದ್ದೇನೆ. ಜೊತೆಗೆ ಕೆಲಸ ಮಾಡುವ ಹುಡುಗರು ತೇವ ಅಳೆಯುವ ಸೆನ್ಸರ್ ತರುತ್ತಾರೆ, ಒಳ್ಳೆಯದೇ. ನನ್ನ ಕೈ ಮಾತ್ರ ತಾನಾಗಿ ಮಣ್ಣಿಗೆ ಹೋಗುತ್ತದೆ. ಎಷ್ಟು ಅದುಮಬೇಕು ಸರ್ ಅಂತ ಕೇಳಿದರೆ ಹೇಳಲು ಬರುವುದಿಲ್ಲ. ಕಾಕಾ ಕೂಡ ಹೇಳಿಕೊಟ್ಟಿರಲಿಲ್ಲ, ಸುಮ್ನೆ ಪಕ್ಕದಲ್ಲಿ ನಿಲ್ಲಲು ಬಿಟ್ಟಿದ್ದರು.

ಈಗ ಓದುತ್ತಿರುವವರಿಗೆ ಒಂದು ಮಾತು. ಹೊಲದಲ್ಲಿ ನಿವೃತ್ತಿಗೆ ಬಂದ ಕೆಲಸಗಾರರು ಇರುತ್ತಾರಲ್ಲ, ಈ ಸಲ ಬಿತ್ತನೆ ದಿನ ಫೋನ್ ಜೇಬಿಗೆ ಹಾಕಿ ಅವರ ಜೊತೆ ನಿಲ್ಲಿ, ಕೇಳಿಸಿಕೊಂಡಿದ್ದನ್ನು ಮುಂದಿನ ಸಂಚಿಕೆಗೆ ಬರೆಯಿರಿ. ಗಿರ್ಮಿಟ್ಟು, ಚಹಾದ ಖರ್ಚು ನನ್ನ ಲೆಕ್ಕಕ್ಕೆ.