ಹಾಳ್ಯಾಗ ಉಳಿದ ಊರು

"ಅವು ಹಾಳ್ಯಾಗ ಅದಾವ ನೋಡವ್ವಾ, ಕಂಪ್ಯೂಟರ್‌ನ್ಯಾಗ ಇಲ್ಲ."

ಊರಿನ ಹಳೇ ಪೇಪರುಗಳ ಬಗ್ಗೆ ಮಂಗಳವಾರ ಕಾಕಾ ಹೇಳಿದ ಈ ಮಾತು ಇನ್ನೂ ಕಿವಿಯಲ್ಲೇ ಇದೆ.

ಮಗಳು ಅವಳ ಮುತ್ಯಾನ, ಅಂದರೆ ನಮ್ಮಪ್ಪನ, ಹೆಸರನ್ನು ಗೂಗಲ್‌ನಲ್ಲಿ ಹುಡುಕಿದ್ದಳು. ಏನೂ ಸಿಗಲಿಲ್ಲ. ಬೀದರ್-ಕಲಬುರಗಿ ರೈಲು ಬೇಕು ಅಂತ ನಮ್ಮಪ್ಪ ಊರಿನ ಪೇಪರಿಗೆ ಬರೆದ ಪತ್ರಗಳಿಗೆ ಲೆಕ್ಕವಿಲ್ಲ. 2017ರ ಅಕ್ಟೋಬರ್‌ನಲ್ಲಿ ಆ ರೈಲು ಓಡಿದಾಗ ಅಪ್ಪ ಇರಲಿಲ್ಲ. ಪತ್ರಗಳಾದರೂ ಸಿಗಲಿ ಅಂತ ಆ ಪೇಪರಿನ ಹಳೇ ಆಫೀಸಿಗೆ ಹೋಗಿದ್ದೆ.

ಕಾಕಾ ಅಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದವರು. ಆಮೇಲೆ ಕಂಪ್ಯೂಟರ್‌ನಲ್ಲಿ ಪುಟ ಜೋಡಿಸುವ ಡಿಟಿಪಿ ಕಲಿತರು. ಈಗ ಪೇಪರ್ ಅಚ್ಚಾಗುವುದಿಲ್ಲ, ಫೋನಿಗೆ ಪಿಡಿಎಫ್ ಬರುತ್ತದೆ. 2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೊರೊನಾ ಸಾವು ನಮ್ಮೂರು ಕಲಬುರಗಿಯಲ್ಲೇ ಆಯ್ತಲ್ಲ, ಆಗ ಪೇಪರ್ ಮುಟ್ಟಲೂ ಜನ ಹೆದರಿದರು. ಪಿಡಿಎಫ್ ಶುರುವಾದದ್ದು ಆಗಲೇ. ಅದರಿಂದ ಒಳ್ಳೆಯದೂ ಆಗಿದೆ. ಪುಣೆಯಲ್ಲಿರುವ ನಮ್ಮಣ್ಣ ಬೆಳಿಗ್ಗೆ ಆರಕ್ಕೇ ಊರ ಸುದ್ದಿ ಓದುತ್ತಾನೆ.

ಕಾಕಾ ಒಂದು ಹಳೇ ಸಿಡಿ ಹಾಕಿ ತೋರಿಸಿದರು. ಪರದೆ ತುಂಬ ಇಂಗ್ಲಿಷ್ ಅಕ್ಷರ, ಚುಕ್ಕಿ, ಗೆರೆ. ಆಗಿನ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರದ ಜಾಗದಲ್ಲೇ ಕನ್ನಡದ ಆಕಾರ ಕೂರಿಸಿರುತ್ತಿದ್ದರು. ಆ ಫಾಂಟ್ ಇಲ್ಲದಿದ್ದರೆ ಓದಲು ಬರುವುದಿಲ್ಲ. ಎಲ್ಲ ಕಂಪ್ಯೂಟರ್‌ಗೂ ಗೊತ್ತಾಗುವ ಯೂನಿಕೋಡ್‌ಗೆ ಬದಲಿಸದಿದ್ದರೆ ಹುಡುಕಿದರೂ ಸಿಗುವುದಿಲ್ಲ. ಬದಲಿಸುವವರು ಯಾರು? ಹಳೇದನ್ನು ಯಾರೂ ಕೇಳಲ್ಲ ಅಂದನಂತೆ ಮಾಲೀಕರ ಮಗ. ಹುಡುಗ ಒಳ್ಳೆಯವನೇ, ಆದರೆ ಈ ಮಾತು ತಪ್ಪು. ಕೇಳಲು ನಾನು ಬಂದಿದ್ದೆನಲ್ಲ!

ಅಪ್ಪನ ಪತ್ರಗಳು ಸಿಡಿಗಿಂತ ಹಿಂದಿನವು. ಅಟ್ಟದಿಂದ ಒಂದು ವರ್ಷದ ಕಟ್ಟು ಇಳಿಸಿದೆವು. ಅಂಚಿಗೆಲ್ಲ ಗೆದ್ದಲು. ಮಡಿಚಿದ ಕಡೆ ಹಾಳೆ ಹಪ್ಪಳದ ಹಾಗೆ ಮುರಿಯಿತು. ಮೇಲೆ ಊರ ಹೆಸರು ಇನ್ನೂ ಗುಲ್ಬರ್ಗಾ. ಪರೀಕ್ಷೆ ಪಾಸಾದವರ ನಂಬರುಗಳು ಸಾಲುಸಾಲಾಗಿ, ಯಾವುದೋ ಓಣಿಯ ನೀರಿನ ಗೋಳು, ಯಾರದೋ ಮನೆಯ ಶ್ರದ್ಧಾಂಜಲಿ. ಇವನ್ನೆಲ್ಲ ಬೆಂಗಳೂರಿನ ಯಾವ ಪೇಪರ್ ಬರೆದಿತ್ತು? ಈ ಕಟ್ಟುಗಳು ಹೋದರೆ ನಮ್ಮೂರು ಆ ವರ್ಷಗಳನ್ನೇ ಕಳೆದುಕೊಂಡ ಹಾಗೆ, ಅಲ್ವಾ? ಹಾಳ್ಯಾಗ ಅದಾವ, ಸರಿ ಕಾಕಾ. ಇನ್ನೆಷ್ಟು ಮಳೆಗಾಲ ಇರುತ್ತವೆ?

ಅಪ್ಪನ ಪತ್ರ ಆ ಕಟ್ಟಿನಲ್ಲಿ ಇರಲಿಲ್ಲ. ಆದರೂ ಕಾಕಾ ಹಾಳೆ ತಿರುವುತ್ತಾ ಹೋದರು, ನಾನು ಫೋನಿನಲ್ಲಿ ಒಂದೊಂದೇ ಫೋಟೋ ತೆಗೆದೆ. ಕತ್ತಲಾಗುವ ಹೊತ್ತಿಗೆ ಮಾರ್ಚ್ ತಿಂಗಳು ಮುಗಿದಿತ್ತು.

ಭಾನುವಾರ ಮತ್ತೆ ಹೋಗುತ್ತೇನೆ. ಕಾಕಾಗೆ ಮೊಣಕಾಲು ನೋವು ಜಾಸ್ತಿ. ಉಳಿದ ಕಟ್ಟುಗಳನ್ನು ನಾನೇ ಇಳಿಸಬೇಕು.