ಉಸಿರು ಹಿಡಿಯುವ ಕುಪ್ಪಸ

ಇವತ್ತು ಧಾರವಾಡದಲ್ಲಿ ನಮ್ಮ ಸಂಗೀತ ನಾಟಕದ ನಾಯಕಿಗೆ ಖಣದ ಕುಪ್ಪಸದ ಟ್ರಯಲ್. ಕನ್ನಡಿ ಮುಂದೆ ನಿಂತಳು, ಎಲ್ಲಾ ಸರಿ. ಗುಳೇದಗುಡ್ಡದ ಖಣ ಅಂದ್ರೆ ಕೇಳಬೇಕಾ!

ಟೇಲರ್ ಕಾಕಾ ಮಾತ್ರ ಸುಮ್ಮನಾಗಲಿಲ್ಲ. "ಹಂಗ ನಿಂತ್ರ ಏನ್ ಗೊತ್ತಾಗತೈತಿ? ಒಂದ್ ಪದಾ ಹಾಡವಾ" ಅಂದರು.

ಹಾಡಿದಳು. ದಮ್ಮು ಹಿಡಿದು ಸ್ವರ ಏರಿಸುವಾಗ ಪಕ್ಕೆ ಉಬ್ಬಿತು, ಕುಪ್ಪಸ ಬಿಗಿಯಿತು, ಸ್ವರ ಅರ್ಧಕ್ಕೇ ನಿಂತಿತು. ಕಾಕಾ ಟೇಪು ತಗೊಂಡು, ಉಸಿರು ಪೂರ್ತಿ ಎಳೆದುಕೊಳ್ಳೋಕೆ ಹೇಳಿ ಮತ್ತೆ ಅಳತೆ ಹಿಡಿದರು. ಕಂಕುಳ ಕೆಳಗೆ ಅದೇ ಖಣದ ಪಟ್ಟಿ ಸೇರಿಸ್ತಾರಂತೆ. ಕೈ ಎತ್ತಿದರೂ ಕಾಣಲ್ಲ.

ಮದುವೆ ಕುಪ್ಪಸ ಫೋಟೋಗೆ ಕೂತರೆ ಸಾಕು. ಇದು ಹಾಡಬೇಕು, ಕುಣಿಯಬೇಕು, ಬೆನ್ನಿಗೆ ಮೈಕಿನ ಡಬ್ಬಿ ಬೇರೆ ಹೊರಬೇಕು.

ಬೇಗ ವೇಷ ಬದಲಿಸೋಕೆ ವೆಲ್ಕ್ರೋ ಹಾಕೋಣ ಅಂದ್ರು ಒಬ್ಬರು. ಪರದೆ ಹಿಂದೆ ಅದು ಪರ್‍ ಅಂತ ಕಿತ್ತರೆ ಮುಂದಿನ ಸಾಲಿನವರೆಗೂ ಕೇಳುತ್ತೆ, ಅಲ್ವಾ? ಟಿಚ್ ಬಟನ್ನೇ ವಾಸಿ.

ಇನ್ನು ಲೈಟಿನವರ ಜೊತೆ ಜಗಳ ಬಾಕಿ. ರಾತ್ರಿ ದೃಶ್ಯಕ್ಕೆ ಅವರಿಗೆ ಬರೀ ನೀಲಿ ಬೆಳಕು ಬೇಕು. ಅದರಡಿ ಇಳಕಲ್ ಸೀರೆಯ ಕೆಂಪು ಸೆರಗು ಕಪ್ಪಾಗಿ ಕಾಣುತ್ತೆ. ಇಳಕಲ್‌ನ ಗುರುತೇ ಆದ ಆ ಕೆಂಪು-ಬಿಳಿ ಟೋಪಿ ತೆನಿ ಸೆರಗು ಕಾಣದಿದ್ದರೆ ಆ ಸೀರೆ ಉಡಿಸೋದಾದ್ರೂ ಯಾಕೆ? ಒಂಚೂರು ಹಳದಿ ಬೆಳಕು ಸೇರಿಸಿ ಅಂತ ಕೇಳ್ತೀನಿ.

ಅಂದಹಾಗೆ, ಯಾರ ಮನೆಯಲ್ಲಾದರೂ ಹಳೇ ಇಳಕಲ್ ಸೀರೆ ಇದ್ದರೆ ಹೇಳಿ. ಮೇಳದವರಿಗೆ ಬೇಕು. ಅಂಚು ಹರಿದಿದ್ದರೂ ನಡೆಯುತ್ತೆ.