ಮ್ಯೂರೆನ್: ಕಾರಿಲ್ಲದ ಊರು, ಹಳದಿ ಬೋರ್ಡು, ಅಪ್ಪನ ಮಂಡಿ

16 ಜುಲೈ 2022, ಶನಿವಾರ, ರಾತ್ರಿ

ಮೊದ್ಲು ಸಾಮಾನಿನ ವಿಷ್ಯ ಬರೀತೀನಿ, ಯಾಕಂದ್ರೆ ಅಪ್ಪ ಬೆಳಗ್ಗಿಂದ ಅದನ್ನೇ ಮಾತಾಡ್ತಿದಾರೆ. ಸ್ವಿಟ್ಜರ್ಲೆಂಡಿನ ಲೌಟರ್‌ಬ್ರುನೆನ್ ಸ್ಟೇಷನ್ ಎದುರಿಗೇ ಇರೋ ಕೇಬಲ್ ಕಾರಲ್ಲಿ ನಾವು ಮೇಲೆ ಗ್ರುಟ್ಶಾಲ್ಪ್‌ಗೆ ಹೋಗೋದು, ಜನ ಎಲ್ಲ ಕಿಟಕಿ ಹತ್ರ ನುಗ್ಗಿ ಫೋನ್ ಎತ್ಕೊಂಡು ನಿಂತ್ರೆ ಅಪ್ಪ ಮಾತ್ರ ಹತ್ತೋಕೆ ಮುಂಚೆ ಬಗ್ಗಿ ಬಗ್ಗಿ ಕೆಳಗೆ ನೋಡ್ತಿದ್ರು. ಜನ ನಿಲ್ಲೋ ಡಬ್ಬದ ಕೆಳಗಡೆ ಇನ್ನೊಂದು ಅಟ್ಟ ನೇತಾಡ್ತಿರತ್ತೆ, ಅದರ ಮೇಲೆ ಊರಿಗೆ ಹೋಗೋ ಸಾಮಾನು. ಮೇಲೆ ಹೋದ್ಮೇಲೆ ಅದನ್ನೆಲ್ಲ ರೈಲಿನ ಜೊತೆ ಇರೋ ಪುಟ್ಟ ಗೂಡ್ಸ್ ಗಾಡಿಗೆ ದಾಟಿಸ್ತಾರೆ, ಆಮೇಲೆ ಅದೇ ರೈಲು ನಮ್ಮನ್ನೂ ಹಾಲು ತರಕಾರಿನೂ ಒಟ್ಟಿಗೆ ಮ್ಯೂರೆನ್‌ಗೆ ತಗೊಂಡು ಹೋಗತ್ತೆ. 1891ರಿಂದ ಇರೋ ಲೈನ್ ಇದು, ನಾಲ್ಕು ಕಿಲೋಮೀಟರ್ ಚಿಲ್ಲರೆ, ಬೆಟ್ಟದ ಅಂಚಲ್ಲಿ ಹೆಚ್ಚುಕಮ್ಮಿ ಮಟ್ಟಸವಾಗಿ ಹೋಗತ್ತೆ. ಎಡಗಡೆ ಸೀಟು ಹಿಡೀರಿ, ಹಿಮದ ಬೆಟ್ಟ ಎಲ್ಲ ಆ ಕಡೆಗೇ.

ಅಪ್ಪ ಕೆಇಬಿಲಿ ಕೆಲ್ಸ ಮಾಡಿ ರಿಟೈರ್ ಆದವ್ರು, ಸಾಗರದ ಕಡೆಯವ್ರು. ಐಗರ್, ಮೋಂಕ್, ಯುಂಗ್‌ಫ್ರಾವ್ ಅನ್ನೋ ಬೆಟ್ಟ ಮೂರೂ ಎದುರಿಗೆ ಸಾಲಾಗಿ ನಿಂತಿರ್ಬೇಕಾದ್ರೆ ಅವ್ರು ಕೇಳಿದ್ದು, "ಹೌದಾ ಕಣೇ, ಇವ್ರಿಗೆ ಗ್ಯಾಸ್ ಸಿಲಿಂಡರೂ ಹೀಗೇ ಬರತ್ತಾ?" ಅಂತ.

ಮ್ಯೂರೆನ್ 1,638 ಮೀಟರ್ ಎತ್ತರದಲ್ಲಿ ಒಂದು ಬಂಡೆ ಗೋಡೆಯ ತುದಿಗೆ ಕೂತಿರೋ ಊರು, ಕೆಳಗೆ ನೋಡಿದ್ರೆ ಕಣಿವೆ ನೇರ ಕಾಲಡಿ. ವರ್ಷಪೂರ್ತಿ ಇರೋರು ಸುಮಾರು ನಾನೂರು ಜನ, ಉಳಿದಿದ್ದೆಲ್ಲ ನಮ್ಮಂಥೋರು. ಕಾರ್ ಫ್ರೀ ಅಂದ್ರೆ ಒಂದೂ ಗಾಡಿ ಇಲ್ಲ ಅಂತಲ್ಲ, ಹೋಟೆಲಿನ ಲಗೇಜ್ ಎಳ್ಯೋ ಎಲೆಕ್ಟ್ರಿಕ್ ಗಾಡಿ ಇದೆ, ರೈತರ ಟ್ರ್ಯಾಕ್ಟರ್ ಇದೆ. ಆದ್ರೂ ಒಂದು ಫರಕ್ ಇದೆ, ಅದು ಗೊತ್ತಾಗೋಕೆ ಸ್ವಲ್ಪ ಹೊತ್ತು ಬೇಕು. ಇಲ್ಲಿ ಯಾರೂ ದಾರಿ ಪಕ್ಕಕ್ಕೆ ನಡೆಯಲ್ಲ, ನಡುವಲ್ಲೇ ನಡೀತಾರೆ. ಅಪ್ಪ ಮೊದಲರ್ಧ ಗಂಟೆ ಅಭ್ಯಾಸಬಲದಿಂದ ಅಂಚು ಹಿಡ್ಕೊಂಡೇ ಹೋಗ್ತಿದ್ರು, ಹಿಂದೆ ತಿರುಗಿ ತಿರುಗಿ ನೋಡ್ತಾ.

ಮಧ್ಯಾಹ್ನ ಆಲ್ಮೆಂಡ್‌ಹೂಬೆಲ್‌ಗೆ ಹೋದ್ವಿ, ಊರಿಂದ ಮೇಲಕ್ಕೆ ಹಳಿ ಮೇಲೆ ಹಗ್ಗದಲ್ಲಿ ಎಳೆಯೋ ಗಾಡಿ, 1912ರಲ್ಲಿ ಶುರುವಾಗಿದ್ದು. ಮೇಲೆ 1,907 ಮೀಟರ್. ಅಲ್ಲಿಂದ ನಾರ್ತ್‌ಫೇಸ್ ಟ್ರೇಲ್ ಅಂತ ಒಂದು ಸುತ್ತು, ಹುಲ್ಲುಗಾವಲಲ್ಲಿ ಇಳ್ಕೊಂಡು ಸುಪ್ಪೆನಾಲ್ಪ್, ಆಮೇಲೆ ಶಿಲ್ಟಾಲ್ಪ್, ಶ್ಪೀಲ್‌ಬೋಡೆನಾಲ್ಪ್, ವಾಪಸ್ ಮ್ಯೂರೆನ್. ಅಲ್ಲಲ್ಲಿ ಎದುರಿನ ಬೆಟ್ಟದ ಉತ್ತರದ ಗೋಡೆಗಳನ್ನ ಯಾರು ಯಾವಾಗ ಹತ್ತಿದ್ರು ಅಂತ ಬರೆದಿರೋ ಫಲಕಗಳು. ಐಗರ್‌ನ ಆ ಗೋಡೆ ಮೊದಲ ಸಲ ಹತ್ತಿದ್ದು 1938ರ ಜುಲೈನಲ್ಲಿ, ನಾಲ್ಕು ಜನ, ಅದಕ್ಕೆ ಮುಂಚೆ ಎಷ್ಟೋ ಜನ ಸತ್ತಿದ್ರು. ಇದನ್ನ ಓದ್ತಾ ನಾವು ಚಟ್ನಿಪುಡಿ ಚಪಾತಿ ತಿಂದಿದ್ದು.

ಈಗ ಬೋರ್ಡಿನ ವಿಷ್ಯ. ಸ್ವಿಸ್‌ನಲ್ಲಿ ಎಲ್ಲಿ ಹೋದ್ರೂ ಕವಲಿಗೊಂದು ಕಂಬ, ಕಂಬಕ್ಕೆ ಹಳದಿ ಬಾಣ, ಬಾಣದ ಮೇಲೆ ಊರಿನ ಹೆಸರು ಮತ್ತೆ ಟೈಮು. ಕಿಲೋಮೀಟರ್ ಇರಲ್ಲ. ಬೆಟ್ಟದಲ್ಲಿ ಕಿಲೋಮೀಟರ್ ತಗೊಂಡು ಏನ್ಮಾಡೋದು ಹೇಳಿ, ಎರಡೇ ಕಿಲೋಮೀಟರ್ ಅಂತ ಹೊರಟು ಎರಡು ಗಂಟೆ ಏದುಸಿರು ಬಿಡೋದು ಕುಮಾರಪರ್ವತ ಹತ್ತಿದವ್ರಿಗೆಲ್ಲ ಗೊತ್ತು. ಬಾಣ ಬರೀ ಹಳದಿ ಇದ್ರೆ ಸಾಮಾನ್ಯ ದಾರಿ, ತುದಿ ಬಿಳಿ-ಕೆಂಪು-ಬಿಳಿ ಇದ್ರೆ ಬೆಟ್ಟದ ದಾರಿ, ಒಳ್ಳೆ ಶೂ ಬೇಕು, ಎತ್ತರಕ್ಕೆ ತಲೆ ತಿರುಗೋ ಹಾಗಿರ್ಬಾರ್ದು, ಬಿಳಿ-ನೀಲಿ-ಬಿಳಿ ಕಂಡ್ರೆ ಕೈನೂ ಹಚ್ಚಿ ಹತ್ತೋ ಜಾಗ, ನಾವು ಕೈಮುಗಿದು ವಾಪಸ್. ಬರೆದಿರೋ ಟೈಮಲ್ಲಿ ರೆಸ್ಟು ಸೇರಿಲ್ಲ, ಮಟ್ಟಸ ನೆಲದಲ್ಲಿ ಗಂಟೆಗೆ 4.2 ಕಿಲೋಮೀಟರ್ ನಡೆಯೋರ ಲೆಕ್ಕ, ಏರು ಇಳಿವಿಗೆ ತಕ್ಕಂತೆ ಅದನ್ನ ಸರಿ ಮಾಡ್ತಾರೆ. ಶಿಲ್ಟಾಲ್ಪ್ ದಾಟಿದ ಮೇಲಿನ ಇಳಿಜಾರಲ್ಲಿ ಅಪ್ಪ ಕೂತೇ ಬಿಟ್ರು. "ಈ ಬೋರ್ಡ್ ಬರ್ದೋನಿಗೆ ಮಂಡಿ ಇರ್ಲಿಲ್ಲ ಅನ್ಸತ್ತೆ."

ಕೂತಾಗ ಅವ್ರಿಗೆ ಈ ಬೋರ್ಡಿನ ಕಥೆ ಹೇಳ್ದೆ, ನಂಗೆ ಬಹಳ ಇಷ್ಟ ಆಗೋ ಕಥೆ. 1930ರ ಆಸುಪಾಸು ಜ್ಯೂರಿಕ್ ಹತ್ರದ ಮೈಲೆನ್ ಊರಿನ ಒಬ್ರು ಮೇಷ್ಟ್ರು, ಜೆ. ಜೆ. ಎಸ್ ಅಂತ, ಮಕ್ಕಳನ್ನ ಕರ್ಕೊಂಡು ಕ್ಲೌಸೆನ್ ಘಾಟಿ ದಾರೀಲಿ ಪ್ರವಾಸ ಹೋಗಿದ್ರಂತೆ, ಅಷ್ಟೊತ್ತಿಗೆ ಅಲ್ಲಿ ಕಾರುಗಳ ಕಾಟ ಶುರುವಾಗಿತ್ತು, ಹಾರ್ನು, ಧೂಳು, ಮಕ್ಕಳು ಪದೇ ಪದೇ ಪಕ್ಕಕ್ಕೆ ಹಾರ್ಬೇಕು. ಮೇಷ್ಟ್ರಿಗೆ ಸಿಟ್ಟು ಬಂತು. ನಡೆಯೋರಿಗೆ ಅಂತಲೇ ಬೇರೆ ದಾರಿ ಬೇಕು, ಅದಕ್ಕೆ ದೇಶದಾದ್ಯಂತ ಒಂದೇ ಥರದ ಬೋರ್ಡು ಬೇಕು ಅಂತ ಹಠ ಹಿಡಿದ್ರು, 1934ರಲ್ಲಿ ಸಂಘ ಆಯ್ತು. 1979ರಲ್ಲಿ ಜನ ವೋಟ್ ಹಾಕಿ ಕಾಲುದಾರಿ ವಿಷ್ಯನ ಸಂವಿಧಾನಕ್ಕೇ ಸೇರಿಸಿದ್ರು, ಆಮೇಲೆ ಬಂದ ಕಾನೂನು 1987ರಿಂದ ಜಾರಿ, ಅದರ ಪ್ರಕಾರ ಒಂದು ಗುರುತಾದ ಕಾಲುದಾರಿ ಯಾವ್ದೋ ಕಾರಣಕ್ಕೆ ಹೋಗ್ಬಿಟ್ರೆ ಬದಲಿ ದಾರಿ ಕೊಡ್ಬೇಕು. ಈಗ ಒಟ್ಟು ಸುಮಾರು 65,000 ಕಿಲೋಮೀಟರ್. ಅಂದ್ರೆ ಕಾರು ಬಂದಿದ್ದಕ್ಕೇ ಈ ಹಳದಿ ಬಾಣ ಹುಟ್ಟಿದ್ದು, ಕಾರೇ ಬರದ ಊರಲ್ಲಿ ಅದು ಮನೆ ಬಾಗಿಲಿಂದಲೇ ಶುರು ಆಗತ್ತೆ, ಟ್ರೇಲ್‌ಗೆ ಅಂತ ಬೇರೆ ಎಲ್ಲಿಗೋ ಡ್ರೈವ್ ಮಾಡ್ಬೇಕಾಗಿಲ್ಲ.

ಇನ್ನೊಂದು, ಇದನ್ನ ಕಾಡು ಅಂದ್ಕೊಂಡು ಬರ್ಬೇಡಿ. ಪೋಸ್ಟರಲ್ಲಿ ಕಾಣೋ ಆ ಹಸಿರು ದನ ಮೇಯ್ಸೋರ ಕೆಲಸದ ಜಾಗ. ಆಲ್ಪ್ ಅಂದ್ರೆ ಬೇಸಿಗೇಲಿ ದನ ಹೊಡ್ಕೊಂಡು ಹೋಗೋ ಮೇಲಿನ ಹುಲ್ಲುಗಾವಲು, ಅಪ್ಪ ನೋಡಿದ ತಕ್ಷಣ "ಓ, ಇದು ನಮ್ಮ ಬೇಣ" ಅಂದ್ರು. ಕಾಲುದಾರಿ ಕೊಟ್ಟಿಗೆ ಅಂಗಳದಲ್ಲೇ ಹಾದು ಹೋಗತ್ತೆ, ತಂತಿಬೇಲಿ ಕೊಕ್ಕೆ ತೆಗೆದು ದಾಟಿ ಮತ್ತೆ ಹಾಕ್ಬೇಕು, ಕರು ಜೊತೆ ಇರೋ ಹಸು ಹತ್ರ ಹೋಗ್ಬೇಡಿ ಅಂತ ಬೋರ್ಡು ಬೇರೆ. ಅಷ್ಟು ಬೋರ್ಡಿದ್ರೂ ಒಬ್ಬ ಹುಡುಗ ಕರು ಪಕ್ಕ ಸೆಲ್ಫಿ ತಗೊಳ್ಳೋಕೆ ಹೋದ, ಅಪ್ಪ ಕನ್ನಡದಲ್ಲೇ ಗದರಿದ್ರು, ಅವನಿಗೆ ಸರಿಯಾಗೇ ಅರ್ಥ ಆಯ್ತು. ಶಿಲ್ಟಾಲ್ಪ್‌ನಲ್ಲಿ ಅಲ್ಲೇ ಮಾಡಿದ ಚೀಸ್ ತಗೊಂಡ್ವಿ. ಅಪ್ಪನಿಗೆ ವಾಸನೆ ಸೇರ್ಲಿಲ್ಲ, ನಂಗೇ ಲಾಭ. ಜುಲೈ ತಿಂಗಳಲ್ಲಿ ಹುಲ್ಲಲ್ಲಿ ನಡೆದು ಕಾಲಿಗೆ ಒಂದೂ ಇಂಬಳ ಹತ್ತಲಿಲ್ವಲ್ಲ ಅಂತ ರೂಮಿಗೆ ಬಂದ್ಮೇಲೂ ಸಾಕ್ಸ್ ತೆಗ್ದು ಚೆಕ್ ಮಾಡ್ತಿದ್ರು.

ಶ್ಪೀಲ್‌ಬೋಡೆನಾಲ್ಪ್‌ನಿಂದ ಕಾಡಿನ ಕಡೆ ಇಳಿದ್ರೆ ಶ್ಪ್ರುಟ್ಸ್ ಅಂತ ಜಲಪಾತ ಇದೆ, ನೀರಿನ ಹಿಂದಗಡೆಯಿಂದ ದಾರಿ. ಕಡಿದಾದ ಇಳಿಜಾರು, ಮಂಡಿ ಕೇಳ್ಬೇಕಲ್ಲ. ಬಿಟ್ವಿ.

17 ಜುಲೈ, ಭಾನುವಾರ, ರೈಲಲ್ಲಿ ಟೈಪ್ ಮಾಡ್ತಿರೋದು

ಬೆಳಗ್ಗೆ ಮ್ಯೂರೆನ್‌ನಿಂದ ಗಿಮ್ಮೆಲ್‌ವಾಲ್ಡ್‌ಗೆ ಇಳಿದ್ವಿ, ಟಾರ್ ಹಾಕಿದ ಸಣ್ಣ ದಾರಿ, ಸುಮಾರು 270 ಮೀಟರ್ ಇಳಿತ, ಅಪ್ಪನಿಗೆ ಕೋಲು ಕೊಟ್ಟಿದ್ದಕ್ಕೆ ಪರವಾಗಿಲ್ಲ. ಗಿಮ್ಮೆಲ್‌ವಾಲ್ಡೂ ಕಾರಿಲ್ಲದ್ದೇ, ಆದ್ರೆ ಮ್ಯೂರೆನ್ ಥರ ಹೋಟೆಲ್ ಸಾಲು ಇಲ್ಲ, ಕಪ್ಪಾದ ಮರದ ಮನೆ, ಒಪ್ಪವಾಗಿ ಪೇರಿಸಿಟ್ಟ ಸೌದೆ, ಒಣಗೋಕೆ ಹಾಕಿರೋ ಹುಲ್ಲು. ಯಾರೂ ಕೂತಿರದ ಒಂದು ಅಂಗಡಿ ಇದೆ, ಬೇಕಾದ್ದು ತಗೊಂಡು ದುಡ್ಡು ಡಬ್ಬಿಗೆ ಹಾಕೋದು. ನಂಗೆ ಎರಡರಲ್ಲಿ ಇದೇ ಇಷ್ಟ ಆಗಿದ್ದು. ದಾರೀಲಿ ತೊಟ್ಟಿ ನೀರು ಸಿಗತ್ತೆ, ಕುಡಿಯೋಕೆ ಆಗಲ್ಲ ಅಂತ ಬರೆದಿಲ್ಲ ಅಂದ್ರೆ ಧೈರ್ಯವಾಗಿ ತುಂಬ್ಕೋಬಹುದು.

ಅಲ್ಲಿಂದ ಕೇಬಲ್ ಕಾರಲ್ಲಿ ಕೆಳಗೆ ಶ್ಟೆಕಲ್‌ಬೆರ್ಗ್ ಕಡೆಗೆ. ಇಳಿದ ತಕ್ಷಣ ಕಂಡಿದ್ದು ಪಾರ್ಕಿಂಗ್ ಲಾಟು, ಬಿಸಿಲಿಗೆ ಹೊಳೀತಿರೋ ಸಾಲು ಸಾಲು ಕಾರು! ಮೇಲಿನ ಊರು ಕಾರ್ ಫ್ರೀ ಇರೋದು ಕೆಳಗಿನವ್ರು ಅಷ್ಟೂ ಕಾರು ಸಹಿಸ್ಕೊಂಡಿರೋದ್ರಿಂದ ಅನ್ನೋದು ಬ್ರೋಷರಲ್ಲಿ ಬರೆಯಲ್ಲ. ಬಸ್ಸಲ್ಲಿ ಕಾಲಿಡೋಕೆ ಜಾಗ ಇರ್ಲಿಲ್ಲ, ಲೌಟರ್‌ಬ್ರುನೆನ್ ತನಕ ಹೊಳೆ ಪಕ್ಕ ಮಟ್ಟಸ ದಾರೀಲಿ ನಡೆದೇ ಬಿಟ್ವಿ. ತಲೆ ಮೇಲೆ ಬಂಡೆಯಿಂದ ಹಾರ್ತಿರೋರ ಪ್ಯಾರಾಶೂಟ್ ಪಟ್ ಅಂತ ಬಿಚ್ಚಿಕೊಳ್ಳೋ ಸದ್ದು, ಅಪ್ಪ ಪ್ರತಿ ಸಲಾನೂ "ಅಯ್ಯೋ ಇವ್ನ ಮನೆ ಕಾಯ" ಅಂತಿದ್ರು. ಸುಮಾರು 300 ಮೀಟರ್ ಮೇಲಿಂದ ಬೀಳೋ ಶ್ಟೌಬ್‌ಬಾಖ್ ಜಲಪಾತ ಗಾಳಿಗೆ ಅರ್ಧ ದಾರೀಲೇ ಪುಡಿಪುಡಿ ಆಗ್ತಿತ್ತು, ಈ ಸೆಖೇಲಿ ಆ ತುಂತುರು ಮುಖಕ್ಕೆ ಬಿದ್ರೆ ಅಷ್ಟೇ ಸಾಕು.

ವಯಸ್ಸಾದ ಅಪ್ಪ ಅಮ್ಮನ್ನ ಕರ್ಕೊಂಡು ಬರೋರಿಗೆ: ಗ್ರುಟ್ಶಾಲ್ಪ್‌ನಿಂದ ಮ್ಯೂರೆನ್‌ಗೆ ರೈಲು ಹಳಿ ಪಕ್ಕದ ದಾರಿ ಸಾಕು, ಒಂದು ಗಂಟೆ ಚಿಲ್ಲರೆ, ದೊಡ್ಡ ಏರಿಲ್ಲ, ಸುಸ್ತಾದ್ರೆ ನಡುವೆ ವಿಂಟರೆಗ್‌ನಲ್ಲಿ ರೈಲು ಹತ್ಬಹುದು. ಆಲ್ಮೆಂಡ್‌ಹೂಬೆಲ್ ಮೇಲೆ ಹೋಗಿ ಹೂವು ನೋಡಿ ಅದೇ ಗಾಡೀಲಿ ಇಳೀರಿ, ನಾರ್ತ್‌ಫೇಸ್ ಸುತ್ತು ಮಂಡಿ ಗಟ್ಟಿ ಇರೋರಿಗೆ ಮಾತ್ರ. ಬೋರ್ಡಿನ ಟೈಮಿಗೆ ಅರ್ಧ ಸೇರಿಸ್ಕೊಳ್ಳಿ, ಕೂತು ಹರಟೋರಾದ್ರೆ ಡಬಲ್.